ಕುಂಚ ಯಾರ ಕೈಯಲ್ಲಿದೆ: ಸ್ಟುಡಿಯೊ ಹಿನ್ನೆಲೆಯ ಹಳೆಯ ಪಿನ್-ಅಪ್ ಚಿತ್ರವನ್ನು ಓದುವ ಕ್ರಮ

ಅಮೆರಿಕದ ಹಳೆಯ ಕ್ಯಾಲೆಂಡರ್‌ಗಳ ಪಿನ್-ಅಪ್ ಚಿತ್ರಗಳಲ್ಲಿ, ಅಂದರೆ ಗೋಡೆಗೆ ಪಿನ್ನು ಚುಚ್ಚಿ ತೂಗಿಹಾಕಲೆಂದು ಬರೆದ ಚೆಲುವೆಯರ ಚಿತ್ರಗಳಲ್ಲಿ, ಹೆಣ್ಣು ಎಲ್ಲೆಲ್ಲೋ ಇರುತ್ತಾಳೆ: ಏಣಿಯ ಮೇಲೆ, ಕಡಲ ದಂಡೆಯಲ್ಲಿ, ಅಡುಗೆಮನೆಯಲ್ಲಿ, ಟೆಲಿಫೋನಿನ ಪಕ್ಕದಲ್ಲಿ. ಈ ಜಾಗಗಳ ಪೈಕಿ ಚಿತ್ರಕಾರನ ಸ್ಟುಡಿಯೊದ ತೂಕವೇ ಬೇರೆ. ಏಣಿಯ ಮೇಲಿನ ಹೆಣ್ಣನ್ನು ಬರೆಯುವಾಗ ನೋಡುವವನ ಬಗ್ಗೆ ಚಿತ್ರ ಏನನ್ನೂ ಹೇಳಬೇಕಾಗಿಲ್ಲ. ಸ್ಟುಡಿಯೊ ಮಾತ್ರ ನೋಡುವುದಕ್ಕಾಗಿಯೇ ಕಟ್ಟಿದ ಕೋಣೆ. ಅಲ್ಲಿ ಒಬ್ಬರು ನೋಡುತ್ತಾರೆ, ಇನ್ನೊಬ್ಬರು ನೋಡಿಸಿಕೊಳ್ಳುತ್ತಾರೆ, ನೋಡಿದ್ದು ಕ್ಯಾನ್ವಾಸಿನ ಮೇಲೆ ಇಳಿಯುತ್ತದೆ. ಹೀಗಾಗಿ ಇಂಥ ಚಿತ್ರವನ್ನು ಓದಲು ಕುಳಿತವರು ಕೊನೆಯವರೆಗೂ ಕೈಬಿಡಬಾರದ ಪ್ರಶ್ನೆಯೊಂದಿದೆ: ಕುಂಚ ಯಾರ ಕೈಯಲ್ಲಿದೆ? ಚೆಲುವು, ಉಡುಪು, ಕಾಲ, ಕಾಗದ ಎಲ್ಲವನ್ನೂ ನೋಡಬೇಕು, ಆದರೆ ಅವೆಲ್ಲ ಈ ಪ್ರಶ್ನೆಯ ಸುತ್ತ ನಿಂತಾಗಲೇ ಚಿತ್ರ ಮಾತಾಡುತ್ತದೆ.

ಉದಾಹರಣೆಗೆ ನನ್ನ ಬಳಿ ಇರುವ ಒಂದು ಹಾಳೆಯನ್ನೇ ಮುಂದಿಟ್ಟುಕೊಳ್ಳುತ್ತೇನೆ. ಅದು ಹೆಸರಾಂತ ಚಿತ್ರವೇನಲ್ಲ. ಅದರ ಮೇಲೆ ಸಹಿಯೂ ಇಲ್ಲ. ಹೆಸರಿಲ್ಲದ ಚಿತ್ರದ ಮೇಲೆ ಅಭ್ಯಾಸ ಮಾಡುವುದು ಒಳ್ಳೆಯದು, ಏಕೆಂದರೆ ಹೆಸರು ಗೊತ್ತಾದೊಡನೆ ಕಣ್ಣು ಸೋಮಾರಿಯಾಗುತ್ತದೆ.

ಮೊದಲು ಕಂಡದ್ದನ್ನಷ್ಟೇ ಬರೆದುಕೊಳ್ಳಿ

ಒಂದು ಕಾಗದ ತೆಗೆದುಕೊಂಡು, ಹತ್ತು ನಿಮಿಷ ಬೇರೇನೂ ಯೋಚಿಸದೆ, ಚಿತ್ರದಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಂದೊಂದಾಗಿ ಬರೆಯಿರಿ. ‘ಆಕರ್ಷಕ’, ‘ತುಂಟ’, ‘ಮುಗ್ಧ’ ಎಂಬ ಮಾತುಗಳು ಈ ಹಂತದಲ್ಲಿ ಬರಕೂಡದು. ಅವು ಆಗಲೇ ತೀರ್ಪುಗಳು. ನನ್ನ ಹಾಳೆಯ ಪಟ್ಟಿ ಹೀಗಿತ್ತು: ಎತ್ತರದ ಮರದ ಸ್ಟೂಲಿನ ಮೇಲೆ ಕುಳಿತ ಯುವತಿ, ತಲೆಯ ಮೇಲೆ ‘ಬೆರೆ’ ಎಂಬ ಚಪ್ಪಟೆಯಾದ ಕೆಂಪು ಟೊಪ್ಪಿಗೆ, ಮೈಮೇಲೆ ತಿಳಿನೀಲಿ ಬಣ್ಣದ, ಚಿತ್ರಕಾರರು ತೊಡುವ ಸಡಿಲ ಮೇಲಂಗಿ, ಬಲಗೈಯಲ್ಲಿ ಸಣ್ಣ ಕುಂಚ, ಎಡಗೈಯಲ್ಲಿ ಹೆಬ್ಬೆರಳು ತೂರಿಸಿದ ಪ್ಯಾಲೆಟ್ (ಬಣ್ಣ ಕಲೆಸುವ ಹಲಗೆ), ಅವಳ ಮುಂದೆ ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಮರದ ಚೌಕಟ್ಟು), ಅದರ ಮೇಲಿನ ಕ್ಯಾನ್ವಾಸಿನ ಬೆನ್ನು ನಮ್ಮ ಕಡೆಗೆ, ಹಿಂದಿನ ಗೋಡೆಯಲ್ಲಿ ಮೊಟ್ಟೆಯಾಕಾರದ ಕನ್ನಡಿ, ಎಡಕ್ಕೆ ದೊಡ್ಡ ಕಿಟಕಿ, ಮೇಲಂಗಿಯ ಅಂಚು ಈಸೆಲ್‌ನ ಬಿಗಿಯುವ ತಿರುಪಿಗೆ ಸಿಕ್ಕಿಕೊಂಡು ಮೇಲಕ್ಕೆದ್ದಿದೆ, ಸ್ಟಾಕಿಂಗ್ಸ್‌ನ ಮೇಲಂಚು ಮತ್ತು ಅದನ್ನು ಹಿಡಿದ ಪಟ್ಟಿ ಕಾಣುತ್ತಿವೆ, ಕಣ್ಣುಗಳು ನೇರವಾಗಿ ನಮ್ಮ ಮೇಲಿವೆ.

ಈ ಪಟ್ಟಿಯನ್ನು ಎತ್ತಿಡಿ. ಮುಂದೆ ಹೇಳುವ ಪ್ರತಿಯೊಂದು ಮಾತಿಗೂ ಇದರಲ್ಲಿ ಒಂದು ಆಧಾರ ಇರಬೇಕು. ಆಧಾರವಿಲ್ಲದ ಮಾತು ಚಿತ್ರದ್ದಲ್ಲ, ನಮ್ಮದು.

ಕಾಗದವನ್ನು ವಿಚಾರಿಸಿ

ನಿಮ್ಮ ಕೈಯಲ್ಲಿರುವುದು ಮೂಲ ಚಿತ್ರವೋ, ಆ ಕಾಲದ ಮುದ್ರಣವೋ, ಇತ್ತೀಚಿನ ನಕಲೋ ಎಂಬುದು ತಿಳಿಯದೆ ಅರ್ಥದ ಮಾತಿಗೆ ಇಳಿಯಬಾರದು. ಭೂತಗನ್ನಡಿಯನ್ನು ಚಿತ್ರದ ಹೆಣ್ಣಿನ ಕೆನ್ನೆಯ ಮೇಲೆ ಹಿಡಿಯಿರಿ. ನಾಲ್ಕು ಬಣ್ಣದ ಚುಕ್ಕೆಗಳು ಸಾಲಾಗಿ, ಪುಟ್ಟ ಪುಟ್ಟ ಹೂವಿನಾಕಾರದಲ್ಲಿ ಕೂಡಿಕೊಂಡಿದ್ದರೆ ಅದು ಅಚ್ಚಿನ ಹಾಳೆ. ಕ್ರಮವಿಲ್ಲದೆ ಸಿಂಪಡಿಸಿದಂತೆ ತುಂತುರು ಕಂಡರೆ ಇಂಕ್‌ಜೆಟ್ ಯಂತ್ರದಿಂದ ಬಂದ ಇತ್ತೀಚಿನ ಪ್ರತಿ. ಎರಡನೆಯದಾಗಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕಿನ ಟಾರ್ಚನ್ನು ಕಾಗದದ ಅಂಚಿಗೆ ಬಿಡಿ. ಕಾಗದವನ್ನು ಹೆಚ್ಚು ಬೆಳ್ಳಗೆ ಕಾಣಿಸುವ ಹೊಳಪುಕಾರಕಗಳನ್ನು ಬೆರೆಸುವುದು ಸರಿಸುಮಾರು 1950ರ ಹೊತ್ತಿಗೆ ಶುರುವಾಯಿತು. ಅವು ಇದ್ದರೆ ಕಾಗದ ನೀಲಿಬಿಳುಪಾಗಿ ಉರಿದಂತೆ ಕಾಣುತ್ತದೆ. ಹೊಳೆಯದಿದ್ದ ಮಾತ್ರಕ್ಕೆ ಹಾಳೆ ಹಳೆಯದೆಂದು ಸಾಬೀತಾಗುವುದಿಲ್ಲ, ಆದರೆ 1940ರದೆಂದು ಮಾರುತ್ತಿರುವ ಹಾಳೆ ಝಗ್ಗನೆ ಹೊಳೆದರೆ ಅಲ್ಲಿಗೇ ನಿಲ್ಲಿಸಿ.

ಉದ್ದಗಲದ ಅನುಪಾತವನ್ನೂ ಅಳೆಯಿರಿ. ಗಿಲ್ ಎಲ್ವ್‌ಗ್ರೆನ್ (1914–1980) ಎಂಬ ಅಮೆರಿಕದ ಪಿನ್-ಅಪ್ ಚಿತ್ರಕಾರ ತನ್ನ ಕ್ಯಾಲೆಂಡರ್ ಚಿತ್ರಗಳನ್ನು ಹೆಚ್ಚಾಗಿ 30 ಅಂಗುಲ ಎತ್ತರ, 24 ಅಂಗುಲ ಅಗಲದ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆಯುತ್ತಿದ್ದ. ಹತ್ತಕ್ಕೆ ಎಂಟರ ಈ ಅಳತೆಗಿಂತ ನಿಮ್ಮ ಪ್ರತಿ ಬಹಳ ಕಿರಿದಾಗಿದ್ದರೆ ಅಂಚು ಕತ್ತರಿಸಿರುವ ಸಾಧ್ಯತೆಯಿದೆ. ಸ್ಟುಡಿಯೊ ಚಿತ್ರಗಳಲ್ಲಿ ಇದು ಸಣ್ಣ ಸಂಗತಿಯಲ್ಲ: ಬದಿಯಲ್ಲಿದ್ದ ಈಸೆಲ್ ಹಾರಿಹೋದರೆ ಚಿತ್ರಕಾರ್ತಿಯೊಬ್ಬಳು ಕೂತಲ್ಲೇ ರೂಪದರ್ಶಿಯಾಗಿಬಿಡುತ್ತಾಳೆ.

ಕ್ಯಾಲೆಂಡರಿನ ಅಡಿಭಾಗ ಉಳಿದಿದ್ದರೆ ಅದೇ ದೊಡ್ಡ ನಿಧಿ. ನಮ್ಮೂರಿನ ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳು ಹೊಸ ವರ್ಷಕ್ಕೆ ಹಂಚುವ ಕ್ಯಾಲೆಂಡರ್‌ಗಳ ಹಾಗೆಯೇ ಅಲ್ಲಿಯೂ ಚಿತ್ರದ ಕೆಳಗೆ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಅಚ್ಚಾಗಿರುತ್ತಿತ್ತು. ಅಮೆರಿಕದ ದೊಡ್ಡ ನಗರಗಳ ವಿಳಾಸದಲ್ಲಿ ಊರ ಹೆಸರಿನ ನಂತರ ಒಂದು ಅಥವಾ ಎರಡಂಕಿಯ ಅಂಚೆ ವಲಯ ಸಂಖ್ಯೆ ಬಂದದ್ದು 1943ರಲ್ಲಿ; ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಫೋನ್ ನಂಬರಿನ ಮೊದಲಿಗೆ ಎರಡು ಅಕ್ಷರಗಳಿದ್ದರೆ ಅದು ಎಲ್ಲವೂ ಅಂಕಿಗಳಾಗುವ ಮುಂಚಿನ ಕಾಲದ್ದು. ತಿಂಗಳ ಹಾಳೆಯಲ್ಲಿ ವರ್ಷ ಹರಿದುಹೋಗಿದ್ದರೂ ವಾರಗಳು ಉಳಿದಿದ್ದರೆ ಲೆಕ್ಕ ಹಾಕಬಹುದು: ಜನವರಿ 1 ಭಾನುವಾರ ಬಿದ್ದಿದ್ದರೆ 1939, 1950, 1956 ಅಥವಾ 1961, ಫೆಬ್ರವರಿಗೆ 29 ದಿನಗಳಿದ್ದರೆ 1956 ಒಂದೇ. ನನ್ನ ಹಾಳೆಯ ಅಡಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ವಿಳಾಸವಿದೆ, ಊರ ಹೆಸರಿನ ನಂತರ ಒಂದಂಕಿಯ ವಲಯ ಸಂಖ್ಯೆಯಿದೆ, ವರ್ಷವಿಲ್ಲ. ಹಾಗಾಗಿ 1943ಕ್ಕೂ 1963ಕ್ಕೂ ನಡುವೆ. ಕಾಗದ ಹೊಳೆಯಲಿಲ್ಲವಾದ್ದರಿಂದ ಆ ಅವಧಿಯ ಮೊದಲರ್ಧದ ಕಡೆಗೆ ನನ್ನ ಊಹೆ ವಾಲುತ್ತದೆ.

ಉಡುಪನ್ನು ಸಾಕ್ಷಿಯಾಗಿ ಕರೆಯಿರಿ

ಉಡುಪು ಕಾಲವನ್ನು ಹೇಳುತ್ತದೆ, ಆದರೆ ಒಂದು ಎಚ್ಚರಿಕೆ: ಹಳೆಯ ಶೈಲಿಯನ್ನು ಆಮೇಲೂ ಬರೆಯಬಹುದು, ಮುಂದೆ ಬರಲಿರುವ ಶೈಲಿಯನ್ನು ಮೊದಲೇ ಬರೆಯಲಾಗದು. ಆದ್ದರಿಂದ ಉಡುಪಿನಿಂದ ‘ಇದಕ್ಕಿಂತ ಮುಂಚಿನದಲ್ಲ’ ಎಂದು ಧೈರ್ಯವಾಗಿ ಹೇಳಬಹುದು, ‘ಇದಕ್ಕಿಂತ ಈಚಿನದಲ್ಲ’ ಎಂದು ಹೇಳುವಾಗ ಅಳುಕಬೇಕು. ನೈಲಾನ್ ಸ್ಟಾಕಿಂಗ್ಸ್ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1940ರ ಮೇ 15ರಂದು. ಯುದ್ಧಕಾಲದಲ್ಲಿ ಆ ನೈಲಾನ್ ಪ್ಯಾರಾಚೂಟು, ಹಗ್ಗಗಳಿಗೆ ಹೋಯಿತು. ಹೆಂಗಸರು ಕಾಲಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಹೊಲಿಗೆಯ ಗೆರೆ ಎಳೆದುಕೊಂಡದ್ದೂ ಉಂಟು. ಇದನ್ನು ತಿಳಿದವರಿಗೆ 1943–44ರ ಕ್ಯಾಲೆಂಡರಿನಲ್ಲಿ ಕಾಣುವ ಸ್ಟಾಕಿಂಗ್ಸ್ ಬರೀ ಕಾಲಿನ ಅಲಂಕಾರವಾಗಿ ಉಳಿಯುವುದಿಲ್ಲ, ಅಂಗಡಿಯಲ್ಲಿ ಸಿಗದ ವಸ್ತುವಿನ ಚಿತ್ರವಾಗುತ್ತದೆ. ಹಣೆಯ ಮೇಲೆ ಸುರುಳಿ ಸುತ್ತಿದ ಕೂದಲು ನಲವತ್ತರ ದಶಕದ್ದು. ತೀರಾ ಸಣ್ಣ ಸೊಂಟ ಮತ್ತು ಅಗಲವಾಗಿ ಹರಡಿದ ಲಂಗದ ಜೋಡಿ 1947ರಲ್ಲಿ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೊರ್ ಪ್ಯಾರಿಸ್‌ನಲ್ಲಿ ತೋರಿಸಿದ ಉಡುಪುಗಳ ನಂತರ ಹಬ್ಬಿದ್ದು.

ಬೆರೆ ಟೊಪ್ಪಿಗೆ ಮತ್ತು ಸಡಿಲ ಮೇಲಂಗಿಯಿಂದ ಮಾತ್ರ ಕಾಲ ತಿಳಿಯಲು ಹೋಗಬೇಡಿ. ಅವು ‘ಈಕೆ ಚಿತ್ರಕಾರ್ತಿ’ ಎಂದು ಸಾರುವ ವೇಷ, ಪ್ಯಾರಿಸ್‌ನ ಕಲಾವಿದರ ಬಗ್ಗೆ ಅಮೆರಿಕ ಕಟ್ಟಿಕೊಂಡಿದ್ದ ಕಲ್ಪನೆಯ ತುಣುಕು. ನಾಟಕದಲ್ಲಿ ಕಿರೀಟ ಇಟ್ಟರೆ ರಾಜ ಎಂದು ತಿಳಿಯುವ ಹಾಗೆ.

ಕೋಣೆಯೊಳಗಿನ ಬೆಳಕನ್ನು ಹಿಂಬಾಲಿಸಿ

ಉತ್ತರ ಗೋಳಾರ್ಧದ ಚಿತ್ರಕಾರರು ಉತ್ತರ ದಿಕ್ಕಿನ ದೊಡ್ಡ ಕಿಟಕಿಯನ್ನು ಬಯಸುತ್ತಾರೆ. ನೇರ ಬಿಸಿಲು ಬೀಳದ ಕಾರಣ ಅಲ್ಲಿ ಬೆಳಕು ದಿನವಿಡೀ ಹೆಚ್ಚು ಕದಲದೆ ನಿಲ್ಲುತ್ತದೆ. ಪಿನ್-ಅಪ್ ಚಿತ್ರಗಳಲ್ಲೂ ಈ ಕಿಟಕಿ ಇರುತ್ತದೆ. ಆದರೆ ನೆರಳು ಆ ಕಿಟಕಿಯ ಮಾತನ್ನು ಕೇಳುತ್ತಿದೆಯೇ ಎಂದು ಪರೀಕ್ಷಿಸಿ. ನನ್ನ ಹಾಳೆಯಲ್ಲಿ ಕಿಟಕಿ ಎಡಕ್ಕಿದೆ. ಸ್ಟೂಲಿನ ಕಾಲುಗಳ ನೆರಳು ಬಲಕ್ಕೆ ಬೀಳಬೇಕಿತ್ತು, ಅದು ಎಡಕ್ಕೇ ಬಿದ್ದಿದೆ. ಯುವತಿಯ ಕಣ್ಣಿನ ಮೇಲೆ ಭೂತಗನ್ನಡಿ ಹಿಡಿದರೆ ಒಂದೊಂದು ಪಾಪೆಯಲ್ಲೂ ಎರಡೆರಡು ಬಿಳಿಯ ಚುಕ್ಕೆಗಳು: ಒಂದು ದೊಡ್ಡದು, ಬಲಗಡೆ ಮೇಲ್ಭಾಗದಲ್ಲಿ, ಇನ್ನೊಂದು ಸಾಸಿವೆಗಿಂತ ಸಣ್ಣದು, ಎಡಗಡೆಯ ಅಂಚಿನಲ್ಲಿ. ಕಿಟಕಿಯ ಬೆಳಕಾಗಿದ್ದರೆ ಒಂದೇ ಚುಕ್ಕೆ ಸಾಕಿತ್ತು. ಎರಡು ಚುಕ್ಕೆ ಎಂದರೆ ಎರಡು ದೀಪ, ಎರಡು ದೀಪ ಎಂದರೆ ಬಹುಪಾಲು ಫೋಟೊ ಸ್ಟುಡಿಯೊ.

ಇದು ಊಹಾಪೋಹವೇನಲ್ಲ. ಎಲ್ವ್‌ಗ್ರೆನ್ ಮೊದಲಾದವರು ರೂಪದರ್ಶಿಯನ್ನು ಬೇಕಾದ ಭಂಗಿಯಲ್ಲಿ ಕೂರಿಸಿ ಫೋಟೊ ತೆಗೆದು, ಆ ಫೋಟೊ ನೋಡಿಕೊಂಡು ಬರೆಯುತ್ತಿದ್ದರು. ಅರ್ಲ್ ಮೊರಾನ್‌ಗೆ 1946ರಿಂದ ಕೆಲವು ವರ್ಷ ಹಾಗೆ ಕುಳಿತವಳು ಮುಂದೆ ಮರ್ಲಿನ್ ಮನ್ರೊ ಎಂದು ಹೆಸರಾದ ನಟಿ. ಫೋಟೊಗಳನ್ನೂ ಮುಗಿದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾಲು ಉದ್ದವಾಗಿರುವುದು, ಸೊಂಟ ಸಣ್ಣಗಾಗಿರುವುದು ಕಣ್ಣಿಗೆ ಹೊಡೆಯುತ್ತದೆ. ಚಿತ್ರದೊಳಗೆ ಕಾಣುವ ಹೆಣ್ಣು ಮತ್ತು ಅದಕ್ಕೆ ಕುಳಿತ ಹೆಣ್ಣು ಇಬ್ಬರು ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಎರಡನೆಯವಳು ಗಂಟೆಯ ಲೆಕ್ಕದಲ್ಲಿ ದುಡಿದವಳು, ಬಹಳ ಸಲ ಅವಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಕುಂಚವನ್ನು ಹುಡುಕಿ

ಈಗ ಮುಖ್ಯವಾದ ಹೆಜ್ಜೆ. ಕುಂಚ ಯಾರ ಕೈಯಲ್ಲಿದೆ ಎಂಬುದಕ್ಕೆ ಮೂರು ಬಗೆಯ ಉತ್ತರಗಳು ಸಿಗುತ್ತವೆ.

ಕೆಲವು ಚಿತ್ರಗಳಲ್ಲಿ ಹೆಣ್ಣು ರೂಪದರ್ಶಿಯ ಪೀಠದ ಮೇಲಿದ್ದಾಳೆ, ಈಸೆಲ್ ಅವಳೆದುರಿಗಿದೆ, ಚಿತ್ರಕಾರ ಎಲ್ಲೂ ಇಲ್ಲ. ಹಾಗಿದ್ದಾಗ ಅವನ ಜಾಗದಲ್ಲಿ ನಿಂತಿರುವವರು ನೋಡುಗರೇ. ಇಂಥ ಕಡೆ ಈಸೆಲ್ ಮೇಲಿನ ಅರ್ಧ ಮುಗಿದ ಚಿತ್ರ ಕಾಣುತ್ತಿದ್ದರೆ ಅದನ್ನೂ ಮುಂದಿರುವ ಹೆಣ್ಣನ್ನೂ ಹೋಲಿಸಿ ನೋಡಿ. ಉಡುಪಿನಲ್ಲೋ ಭಂಗಿಯಲ್ಲೋ ಒಂದು ವ್ಯತ್ಯಾಸ ಇಟ್ಟಿದ್ದರೆ ಕ್ಯಾಲೆಂಡರಿನ ತಮಾಷೆ ಆ ವ್ಯತ್ಯಾಸದಲ್ಲೇ ಇರುತ್ತದೆ. ಇದರ ಇನ್ನೊಂದು ರೂಪವನ್ನು 1940ರ ದಶಕದಲ್ಲಿ ಚಿತ್ರಕಾರ ಅರ್ಲ್ ಮ್ಯಾಕ್‌ಫರ್ಸನ್ ಜನಪ್ರಿಯಗೊಳಿಸಿದ: ನಡುವೆ ಪೂರ್ತಿ ಬಣ್ಣ ತುಂಬಿದ ಹೆಣ್ಣು, ಸುತ್ತಲೂ ಅದೇ ಹೆಣ್ಣಿನ ಪೆನ್ಸಿಲ್ ಗೆರೆಗಳ ಸಣ್ಣ ಸಣ್ಣ ರೇಖಾಚಿತ್ರಗಳು, ಚಿತ್ರಕಾರನ ಅಭ್ಯಾಸದ ಪುಸ್ತಕವನ್ನು ಹಾಗೆಯೇ ಬಿಚ್ಚಿಟ್ಟಂತೆ. ಅಲ್ಲಿ ಕೋಣೆಯನ್ನು ಬರೆದಿರುವುದಿಲ್ಲ. ಆದರೂ ಈ ಕ್ಯಾಲೆಂಡರನ್ನು ತನ್ನ ಗ್ಯಾರೇಜಿನ ಗೋಡೆಗೆ ತೂಗಿಹಾಕಿ ಅದರ ಮುಂದೆ ನಿಂತ ಮೆಕ್ಯಾನಿಕ್ ತಾನೇ ಸ್ಟುಡಿಯೊದಲ್ಲಿದ್ದಂತೆ, ಕೆಲಸ ನಡೆಯುತ್ತಿರುವಾಗಲೇ ಇಣುಕಿದಂತೆ ಅನಿಸುವ ಹಾಗೆ ಮಾಡಿದ ಜಾಣ ವಿನ್ಯಾಸ ಅದು.

ಎರಡನೆಯ ಬಗೆಯಲ್ಲಿ ಚಿತ್ರಕಾರನೂ ರೂಪದರ್ಶಿಯೂ ಇಬ್ಬರೂ ಕಾಣುತ್ತಾರೆ. ಯೂರೋಪಿನ ಚಿತ್ರಕಲೆಯಲ್ಲಿ ಇದು ಹಳೆಯ ವಿಷಯ. 1855ರಲ್ಲಿ ಫ್ರಾನ್ಸಿನ ಚಿತ್ರಕಾರ ಕೂರ್ಬೆ ಬರೆದ ತನ್ನ ಸ್ಟುಡಿಯೊದ ದೊಡ್ಡ ಚಿತ್ರದಲ್ಲಿ ಬೆತ್ತಲೆ ರೂಪದರ್ಶಿ ಅವನ ಬೆನ್ನ ಹಿಂದೆ ನಿಂತು ಅವನು ಬರೆಯುತ್ತಿರುವ ನಿಸರ್ಗದೃಶ್ಯವನ್ನು ನೋಡುತ್ತಿದ್ದಾಳೆ. ಪಿನ್-ಅಪ್‌ನಲ್ಲಿ ಇದು ಅಪರೂಪ, ಕಾರಣವೂ ಸರಳ: ಚಿತ್ರದೊಳಗೆ ಒಬ್ಬ ಗಂಡಸು ಬಂದುಬಿಟ್ಟರೆ ಕೊಂಡವನಿಗೆ ಜಾಗ ಉಳಿಯುವುದಿಲ್ಲ.

ಮೂರನೆಯದು ನನ್ನ ಹಾಳೆಯ ಬಗೆ, ಹೆಣ್ಣೇ ಕುಂಚ ಹಿಡಿದದ್ದು. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಹೆಣ್ಣಿನ ಕೈಗೆ ಕುಂಚ ಸಿಕ್ಕ ಕಥೆ ಹಗುರವಾದದ್ದಲ್ಲ. ಬೆತ್ತಲೆ ರೂಪದರ್ಶಿಯನ್ನು ನೋಡಿ ಬರೆಯುವ ತರಗತಿಗೆ ಹೆಂಗಸರನ್ನು ಸೇರಿಸಿಕೊಳ್ಳಲು ಕಲಾಶಾಲೆಗಳು ದಶಕಗಟ್ಟಲೆ ಹಿಂಜರಿದವು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ ಕಲಿಸುತ್ತಿದ್ದ ಚಿತ್ರಕಾರ ಥಾಮಸ್ ಈಕಿನ್ಸ್, ವಿದ್ಯಾರ್ಥಿನಿಯರಿದ್ದ ತರಗತಿಯಲ್ಲಿ ಪುರುಷ ರೂಪದರ್ಶಿಯ ಸೊಂಟದ ಬಟ್ಟೆ ತೆಗೆಸಿದ ಕಾರಣಕ್ಕೆ 1886ರಲ್ಲಿ ಹುದ್ದೆ ಬಿಡಬೇಕಾಯಿತು. ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆ ಹೆಂಗಸರಿಗೆ ಬಾಗಿಲು ತೆರೆದದ್ದು 1897ರಲ್ಲಿ. ವಿದ್ಯಾರ್ಥಿನಿಯಾಗಿದ್ದಾಗ ಪ್ಲಾಸ್ಟರ್ ಬೊಂಬೆಗಳನ್ನು ನೋಡಿ ಬರೆಯಬೇಕಾಗಿದ್ದ ಇಂಗ್ಲೆಂಡಿನ ಲಾರಾ ನೈಟ್, 1913ರಲ್ಲಿ ತನ್ನನ್ನೇ ಬೆನ್ನು ಕಾಣುವಂತೆ, ಎದುರಿಗೆ ಬೆತ್ತಲೆ ರೂಪದರ್ಶಿಯನ್ನು ನಿಲ್ಲಿಸಿ ಬರೆಯುತ್ತಿರುವಂತೆ ಚಿತ್ರಿಸಿದಳು. ಈ ಚರಿತ್ರೆ ಗೊತ್ತಿದ್ದವರಿಗೆ ಹಾರ್ಡ್‌ವೇರ್ ಅಂಗಡಿಯ ಕ್ಯಾಲೆಂಡರಿನಲ್ಲೂ ಕುಂಚ ಹಿಡಿದ ಹೆಣ್ಣು ಸುಮ್ಮನೆ ದಾಟಿಹೋಗುವ ಸಂಗತಿಯಲ್ಲ.

ಆದರೆ ಆಕೆ ನಿಜಕ್ಕೂ ಬರೆಯುತ್ತಿದ್ದಾಳೆಯೇ? ಕೈಯನ್ನು ನೋಡಿ. ಈಸೆಲ್ ಮುಂದೆ ತೈಲವರ್ಣದಲ್ಲಿ ಕೆಲಸ ಮಾಡುವವರು ಕುಂಚವನ್ನು ಸಾಮಾನ್ಯವಾಗಿ ತುದಿಯಿಂದ ಹಿಂದಕ್ಕೆ ಹಿಡಿಯುತ್ತಾರೆ, ತೋಳು ಆಡುವ ಹಾಗೆ. ಪ್ಯಾಲೆಟ್ಟಿನ ಮೇಲೆ ಬಣ್ಣಗಳು ಒಂದರೊಳಗೊಂದು ಕಲೆತು ಕೆಸರಾಗಿರುತ್ತವೆ. ಬೆರಳಿನ ಸಂದಿಗೆ ಚಿಂದಿ ಬಟ್ಟೆ ಇರುತ್ತದೆ. ನನ್ನ ಹಾಳೆಯ ಯುವತಿ ಕುಂಚವನ್ನು ಪೆನ್ಸಿಲಿನಂತೆ ಮುಂಭಾಗದಲ್ಲೇ ಹಿಡಿದಿದ್ದಾಳೆ, ಪ್ಯಾಲೆಟ್ಟಿನ ಮೇಲೆ ಆರು ಬಣ್ಣಗಳು ಕೋಡುಬಳೆಯ ಹಿಟ್ಟಿನ ಮುದ್ದೆಗಳಂತೆ ಬೇರೆ ಬೇರೆ ಕುಳಿತಿವೆ, ಒಂದನ್ನೂ ಮುಟ್ಟಿಲ್ಲ. ಕುಂಚದ ತುದಿ ಮಾತ್ರ ಕೆಂಪಾಗಿದೆ, ಟೊಪ್ಪಿಗೆಯ ಮತ್ತು ತುಟಿಯ ಅದೇ ಕೆಂಪು. ಕೆಂಪು ಅಲ್ಲಿರುವುದು ಕಣ್ಣನ್ನು ಟೊಪ್ಪಿಗೆಯಿಂದ ತುಟಿಗೆ, ತುಟಿಯಿಂದ ಕೈಗೆ ಇಳಿಸುವುದಕ್ಕಾಗಿ. ಇದನ್ನು ಬರೆದವನಿಗೆ ಕುಂಚ ಹಿಡಿಯುವುದು ಹೇಗೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ತಪ್ಪಾಗಿ ಹಿಡಿಸಿದ. ಈ ಹಾಳೆಯಲ್ಲಿ ನನಗೆ ಅತ್ಯಂತ ಬೇಸರ ತರುವ ಅಂಶ ಇದೇ.

ಹೋಲಿಕೆಗೆ ಇಟಲಿಯ ಚಿತ್ರಕಾರ್ತಿ ಆರ್ತೆಮಿಸಿಯಾ ಜೆಂಟಿಲೆಸ್ಕಿ 1638–39ರ ಸುಮಾರಿಗೆ ತನ್ನನ್ನೇ ಚಿತ್ರಕಲೆಯ ರೂಪಕವಾಗಿ ಬರೆದುಕೊಂಡ ಚಿತ್ರವನ್ನು ನೋಡಬಹುದು. ಅದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಕೂದಲು ಕೆದರಿದೆ, ತೋಳು ಮೇಲಕ್ಕೆ ಚಾಚಿದೆ, ದೇಹವೆಲ್ಲ ಕ್ಯಾನ್ವಾಸಿನ ಕಡೆಗೆ ಬಾಗಿದೆ. ಆಕೆ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಕಣ್ಣು, ಕ್ಯಾನ್ವಾಸಿನ ಬೆನ್ನು, ಕನ್ನಡಿ

ಕುಂಚದ ನಂತರ ನೋಟದ ಗೆರೆಯನ್ನು ಎಳೆಯಿರಿ. ಬೇಕಾದರೆ ಪ್ರತಿಯ ಮೇಲೆ ಪಾರದರ್ಶಕ ಹಾಳೆ ಇಟ್ಟು, ಕಣ್ಣಿನಿಂದ ಹೊರಡುವ ದಿಕ್ಕನ್ನು ಪೆನ್ಸಿಲಿನಿಂದ ಗುರುತಿಸಿ. ಕಣ್ಣು ಕ್ಯಾನ್ವಾಸಿನ ಮೇಲಿದ್ದರೆ ಆಕೆ ಕೆಲಸದಲ್ಲಿದ್ದಾಳೆ, ಬದಿಗಿದ್ದರೆ ಅಲ್ಲಿ ಕಾಣದ ಯಾರೋ ಇದ್ದಾರೆ, ನಮ್ಮ ಮೇಲಿದ್ದರೆ ಪ್ರಶ್ನೆ ತಿರುಗಿ ನಮ್ಮ ಬಳಿಗೇ ಬರುತ್ತದೆ.

ನನ್ನ ಹಾಳೆಯಲ್ಲಿ ಆಕೆ ನಮ್ಮನ್ನೇ ನೋಡುತ್ತಿದ್ದಾಳೆ, ಅವಳ ಕ್ಯಾನ್ವಾಸಿನ ಬೆನ್ನು ನಮಗಿದೆ. ಹಾಗಾದರೆ ಅವಳು ಬರೆಯುತ್ತಿರುವುದು ಏನನ್ನು? ಎರಡು ಉತ್ತರಗಳು ಸಾಧ್ಯ. ನಾವು ನಿಂತಿರುವ ಕಡೆ ಒಂದು ಕನ್ನಡಿ ಇದ್ದು, ಆಕೆ ತನ್ನನ್ನೇ ನೋಡಿಕೊಂಡು ಬರೆಯುತ್ತಿರಬಹುದು. ಇಲ್ಲವೇ ನಾವೇ ಅವಳ ರೂಪದರ್ಶಿಗಳು, ನಮ್ಮ ಚಿತ್ರ ಅಲ್ಲಿ ಮೂಡುತ್ತಿದೆ. ಇದೇ ಒಗಟನ್ನು ಚಿತ್ರಕಾರ ವೆಲಾಸ್ಕೆತ್ 1656ರಲ್ಲಿ ಸ್ಪೇನಿನ ಅರಮನೆಯ ಚಿತ್ರದಲ್ಲಿ ಕಟ್ಟಿದ್ದ: ದೊಡ್ಡ ಕ್ಯಾನ್ವಾಸಿನ ಬೆನ್ನು ನಮ್ಮ ಕಡೆಗೆ, ಚಿತ್ರಕಾರನ ನೋಟ ನಮ್ಮ ಕಡೆಗೆ, ಹಿಂಗೋಡೆಯ ಕನ್ನಡಿಯಲ್ಲಿ ರಾಜ ರಾಣಿಯರ ಬಿಂಬ. ಕ್ಯಾಲೆಂಡರ್ ಬರೆದವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಎನ್ನಲು ನನ್ನ ಬಳಿ ಆಧಾರವಿಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ಜೋಡಣೆ ಅದೇ ಆಗಿರುವುದರಿಂದ ಹೋಲಿಸಿ ನೋಡಿದರೆ ಲಾಭವಿದೆ. ವೆಲಾಸ್ಕೆತ್‌ನ ಕನ್ನಡಿ ಎದುರಿಗೆ ಯಾರಿದ್ದಾರೆಂದು ಹೇಳುತ್ತದೆ. ನನ್ನ ಹಾಳೆಯ ಮೊಟ್ಟೆಯಾಕಾರದ ಕನ್ನಡಿಯಲ್ಲಿ ಯುವತಿಯ ಬೆನ್ನಾದರೂ ಕಾಣಬೇಕಿತ್ತು, ಕ್ಯಾನ್ವಾಸಿನ ಮುಖವಾದರೂ ಕಾಣಬೇಕಿತ್ತು. ಅಲ್ಲಿರುವುದು ಎರಡು ಓರೆ ನೀಲಿ ಗೆರೆಗಳು ಮಾತ್ರ. ಎದುರಿಗಿರುವವರ ಜಾಗವನ್ನು ಖಾಲಿ ಬಿಡಲಾಗಿದೆ. ಕ್ಯಾಲೆಂಡರ್ ಕೊಂಡೊಯ್ದ ಯಾವನು ಬೇಕಾದರೂ ಅಲ್ಲಿ ತನ್ನನ್ನು ತುಂಬಿಕೊಳ್ಳಲಿ ಎಂಬಂತೆ.

ಇಲ್ಲಿಗೇ ನಿಂತರೆ ಎಲ್ಲ ಪಿನ್-ಅಪ್‌ಗಳೂ ಗಂಡಸು ಗಂಡಸಿಗಾಗಿ ಬರೆದವು ಎಂದಾಗಿಬಿಡುತ್ತದೆ, ಅದು ತಪ್ಪು. ಜೋಯಿ ಮೋಜರ್ಟ್ (1907–1993) ಎಂಬಾಕೆ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದವಳು. ಫಿಲಡೆಲ್ಫಿಯಾದಲ್ಲಿ ಕಲೆ ಕಲಿಯುವಾಗ ಶುಲ್ಕ ಕಟ್ಟಲು ತಾನೇ ರೂಪದರ್ಶಿಯಾಗಿ ನಿಂತವಳು. ಆಮೇಲೆ ಪಾಸ್ಟೆಲ್ ಎಂಬ ಬಣ್ಣದ ಕಡ್ಡಿಗಳಲ್ಲಿ ಪತ್ರಿಕೆಗಳ ಮುಖಪುಟ, ಸಿನಿಮಾ ಭಿತ್ತಿಪತ್ರ, ಕ್ಯಾಲೆಂಡರ್‌ಗಳಿಗೆ ಬರೆದು ಹೆಸರಾದಳು. ಹಲವು ಚಿತ್ರಗಳಿಗೆ ಕನ್ನಡಿಯ ಮುಂದೆ ತಾನೇ ಕುಳಿತು ತನ್ನನ್ನೇ ಮಾದರಿಯಾಗಿಸಿಕೊಂಡಳು. ಅಂಥ ಚಿತ್ರದಲ್ಲಿ ನಮ್ಮ ಕಡೆ ತಿರುಗಿದ ಕಣ್ಣು ಮೊದಲು ನೋಡಿದ್ದು ಗಿರಾಕಿಯನ್ನಲ್ಲ, ಕನ್ನಡಿಯಲ್ಲಿ ತನ್ನ ಕೆಲಸವನ್ನೇ ಅಳೆಯುತ್ತಿದ್ದ ಚಿತ್ರಕಾರ್ತಿಯನ್ನು. ಪರ್ಲ್ ಫ್ರಷ್, ಜಾಯ್ಸ್ ಬ್ಯಾಲಂಟೈನ್ ಕೂಡ ಇದೇ ಕ್ಷೇತ್ರದಲ್ಲಿ ದುಡಿದ ಹೆಂಗಸರು. ಹಾಗೆಂದು ಹೆಣ್ಣು ಬರೆದ ಮಾತ್ರಕ್ಕೆ ಚಿತ್ರ ಬೇರೆಯಾಗಿಬಿಡುತ್ತದೆ ಎಂದೂ ನಾನು ಹೇಳುವುದಿಲ್ಲ. ಕೊಳ್ಳುವ ಕಂಪನಿ ಅದೇ, ತೂಗುವ ಗೋಡೆಯೂ ಅದೇ. ಆದರೆ ಬರೆದವರು ಯಾರೆಂದು ತಿಳಿದ ಮೇಲೆ ಅದೇ ನೋಟಕ್ಕೆ ಮತ್ತೊಂದು ಓದು ಸಾಧ್ಯವಾಗುತ್ತದೆ, ಆ ಸಾಧ್ಯತೆಯನ್ನು ಬರಹದಲ್ಲಿ ಕಾಣಿಸಬೇಕು.

ಸಿಕ್ಕಿಕೊಂಡ ಅಂಚು ಮತ್ತು ಅಡಿಬರಹ

ಮೇಲಂಗಿಯ ಅಂಚು ತಿರುಪಿಗೆ ಸಿಕ್ಕಿದ್ದು ಆಕಸ್ಮಿಕ ಎಂದು ಚಿತ್ರ ನಟಿಸುತ್ತದೆ. ಗಾಳಿ, ನಾಯಿಯ ಹಗ್ಗ, ಬಾಗಿಲಿನ ಸಂದು, ಮುಳ್ಳುಬೇಲಿ: ಈ ಪರಂಪರೆಯಲ್ಲಿ ಲಂಗ ಎತ್ತಲು ಯಾವುದಾದರೂ ಒಂದು ವಸ್ತು ಬೇಕೇ ಬೇಕು, ಹೆಣ್ಣು ತಾನಾಗಿ ಎತ್ತಿದಳು ಎಂದಾಗಬಾರದು. ಈ ಸಂಕೋಚದ ಹಿಂದೆ ಮಾರುಕಟ್ಟೆಯ ಲೆಕ್ಕವೂ ಇತ್ತು, ಕಾನೂನಿನ ಭಯವೂ ಇತ್ತು. ಚಿತ್ರಕಾರ ಆಲ್ಬೆರ್ಟೊ ವಾರ್ಗಾಸ್ ಬರೆದ ಚೆಲುವೆಯರನ್ನು ಅಚ್ಚು ಹಾಕುತ್ತಿದ್ದ ‘ಎಸ್ಕ್ವೈರ್’ ಪತ್ರಿಕೆಯ ರಿಯಾಯಿತಿ ಅಂಚೆ ದರವನ್ನು ಅಮೆರಿಕದ ಅಂಚೆ ಇಲಾಖೆ 1943ರಲ್ಲಿ ರದ್ದು ಮಾಡಿತು. ಪತ್ರಿಕೆಗೆ ಅದು ಮರಳಿ ಖಾತ್ರಿಯಾದದ್ದು 1946ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಅಂಗಡಿಯವನು ತನ್ನ ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕಿತ್ತು.

ಅಡಿಬರಹವನ್ನು ಚಿತ್ರ ನೋಡಿ ಮುಗಿದ ಮೇಲೆಯೇ ಓದಿ. ಸ್ಟುಡಿಯೊ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಶ್ಲೇಷೆಯ ಮಾತುಗಳು ಹೇರಳವಾಗಿ ಒದಗುತ್ತವೆ: ‘ಫಿಗರ್’ ಎಂದರೆ ಆಕೃತಿಯೂ ಹೌದು, ಮೈಕಟ್ಟೂ ಹೌದು, ‘ಡ್ರಾ’ ಎಂದರೆ ಚಿತ್ರ ಬರೆಯುವುದೂ ಹೌದು, ಸೆಳೆಯುವುದೂ ಹೌದು. ಶ್ಲೇಷೆ ಯಾವ ಎರಡು ಅರ್ಥಗಳ ನಡುವೆ ಆಡುತ್ತಿದೆ ಎಂದು ಒಂದು ಸಾಲಿನಲ್ಲಿ ಬಿಡಿಸಿ ಬರೆದು ಮುಂದೆ ಹೋದರೆ ಸಾಕು.

ನನ್ನ ಓದಿನಲ್ಲಿ ಈ ಹಾಳೆಯ ತಿರುಳು ಇಷ್ಟು: ಕುಂಚವನ್ನು ಹೆಣ್ಣಿನ ಕೈಗೆ ಕೊಟ್ಟು, ನೋಟವನ್ನೂ ಅವಳಿಗೆ ಕೊಟ್ಟು, ನೋಡುವವನನ್ನೇ ಅವಳ ರೂಪದರ್ಶಿಯನ್ನಾಗಿಸುವವರೆಗೆ ಚಿತ್ರ ಹೋಗುತ್ತದೆ; ಅಷ್ಟು ದೂರ ಹೋದ ಮೇಲೆ ತಿರುಪಿಗೆ ಸಿಕ್ಕಿಸಿದ ಒಂದು ಅಂಚಿನಿಂದ ಅವಳನ್ನು ಮತ್ತೆ ಪೀಠದ ಮೇಲೆ ಕೂರಿಸುತ್ತದೆ.

ಬರೆದವರು ಯಾರು, ಕೊಂಡವರು ಯಾರು

ಸಹಿಯನ್ನು ಕೊನೆಗೆ ನೋಡಿ, ನೋಡಿದ ಮೇಲೂ ತಕ್ಷಣ ನಂಬಬೇಡಿ. ಎಲ್ವ್‌ಗ್ರೆನ್ 1937ರಿಂದ ಲೂಯಿಸ್ ಎಫ್. ಡೌ ಎಂಬ ಕ್ಯಾಲೆಂಡರ್ ಕಂಪನಿಗೆ ಬರೆದುಕೊಟ್ಟಿದ್ದ ಮೂಲ ಚಿತ್ರಗಳ ಮೇಲೆಯೇ ಆಮೇಲೆ ಆ ಕಂಪನಿ ವಾನ್ ಬಾಸ್ ಎಂಬ ಇನ್ನೊಬ್ಬ ಚಿತ್ರಕಾರನಿಂದ ಬಣ್ಣ ಹಚ್ಚಿಸಿ ಹೊಸ ಚಿತ್ರಗಳಂತೆ ಮಾರಿತು. ಬಾಸ್ ಮುಖ ಮತ್ತು ಕೈಗಳನ್ನು ಆದಷ್ಟು ಮುಟ್ಟದೆ ಉಡುಪು, ಹಿನ್ನೆಲೆಗಳನ್ನು ಬದಲಿಸಿದ. ಹೀಗಿರುವಾಗ ಒಂದೇ ಚಿತ್ರದಲ್ಲಿ ಹೆಣ್ಣು ಒಬ್ಬರದು, ಸ್ಟುಡಿಯೊ ಇನ್ನೊಬ್ಬರದು ಆಗಿರಬಹುದು. ಮುಖದ ಕುಂಚಗೆಲಸಕ್ಕೂ ಹಿನ್ನೆಲೆಯ ಕುಂಚಗೆಲಸಕ್ಕೂ ಹೊಂದಿಕೆಯಿಲ್ಲದಿದ್ದರೆ ಅದನ್ನು ಟಿಪ್ಪಣಿ ಮಾಡಿಕೊಳ್ಳಿ. ಎಲ್ವ್‌ಗ್ರೆನ್ 1940ರ ದಶಕದ ನಡುವಿನಿಂದ ಬರೆದದ್ದು ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನ ಬ್ರೌನ್ ಅಂಡ್ ಬಿಗೆಲೊ ಕಂಪನಿಗೆ. 1896ರಲ್ಲಿ ಶುರುವಾದ ಆ ಕಂಪನಿಗೆ ಮೋಜರ್ಟ್, ಮೊರಾನ್, ಮ್ಯಾಕ್‌ಫರ್ಸನ್ ಕೂಡ ಬರೆದರು. ಕಂಪನಿಯ ಹೆಸರು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ.

ಇಂಥ ಚಿತ್ರಗಳನ್ನು ‘ಬರೀ ಕ್ಯಾಲೆಂಡರ್ ಕಲೆ’ ಎಂದು ತಳ್ಳಿಹಾಕುವವರ ಜೊತೆ ನನಗೆ ಸಹಮತವಿಲ್ಲ. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಭಿತ್ತಿಪತ್ರ, ಕ್ಯಾಲೆಂಡರ್‌ಗಳಿಗೆ ಬರೆದ ಎಸ್. ಎಂ. ಪಂಡಿತರ (1916–1993) ಮೂಲ ಚಿತ್ರಗಳ ಮುಂದೆ ನಿಂತವರಿಗೆ ಗೊತ್ತು, ಅಚ್ಚಿನ ಹಾಳೆ ಮುಚ್ಚಿಹಾಕುವ ಕೈಚಳಕ ಎಷ್ಟೆಂದು. ಅಮೆರಿಕದ ಈ ಚಿತ್ರಗಳಲ್ಲೂ ಚರ್ಮದ ಮೇಲಿನ ತಂಪು ನೆರಳು, ಬಟ್ಟೆಯ ಮಡಿಕೆ ಇವು ಗಂಟೆಗಟ್ಟಲೆ ನೋಡಬೇಕಾದ ಕೆಲಸ. ಆ ಕೆಲಸವನ್ನು ಮೆಚ್ಚುತ್ತಲೇ ಸಿಕ್ಕಿಸಿದ ಅಂಚನ್ನು ಸಿಕ್ಕಿಸಿದ ಅಂಚು ಎಂದು ಕರೆಯಬಹುದು.

ದಾಖಲೆಯನ್ನು ಬರೆಯಿರಿ

ಕೊನೆಯಲ್ಲಿ ಎಲ್ಲವನ್ನೂ ಒಂದು ದಾಖಲೆಗೆ ಇಳಿಸಿ, ಹಾಳೆಯ ಜೊತೆಗೇ ಇಡಿ. ಆಮ್ಲವಿಲ್ಲದ ಕಾಗದದ ಮೇಲೆ, ಪೆನ್ಸಿಲಿನಲ್ಲಿ. ಕಂಡದ್ದು, ಅಳೆದದ್ದು, ಊಹಿಸಿದ್ದು ಬೇರೆ ಬೇರೆಯಾಗಿ ಓದಿಸಿಕೊಳ್ಳಬೇಕು. ನನ್ನ ಹಾಳೆಗೆ ನಾನು ಬರೆದಿಟ್ಟಿರುವುದು ಹೀಗೆ:

‘ಕ್ಯಾಲೆಂಡರ್ ಹಾಳೆ, ಬಣ್ಣದ ಅಚ್ಚು, ಚುಕ್ಕೆಗಳು ಸ್ಪಷ್ಟ. ಚಿತ್ರಭಾಗ ಸುಮಾರು 8 x 10 ಅಂಗುಲ. ಸಹಿ ಇಲ್ಲ, ಕಂಪನಿಯ ಹೆಸರು ಇಲ್ಲ. ಅಡಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ವಿಳಾಸ, ಒಂದಂಕಿಯ ವಲಯ ಸಂಖ್ಯೆ, ಆದ್ದರಿಂದ 1943–1963. ನೇರಳಾತೀತ ಬೆಳಕಿನಲ್ಲಿ ಹೊಳೆಯುವುದಿಲ್ಲ. ಅವಧಿಯ ಮೊದಲರ್ಧ ಇರಬಹುದು. ಈಸೆಲ್ ಮುಂದೆ ಕುಂಚ ಹಿಡಿದು ಕುಳಿತ ಯುವತಿ, ನೋಟ ನೇರ, ಕ್ಯಾನ್ವಾಸಿನ ಮುಖ ಕಾಣದು, ಕನ್ನಡಿ ಖಾಲಿ. ನೆರಳು ಕಿಟಕಿಗೆ ವಿರುದ್ಧ, ಕಣ್ಣಿನಲ್ಲಿ ಎರಡು ಬೆಳಕಿನ ಚುಕ್ಕೆ. ಫೋಟೊ ನೋಡಿ ಬರೆದಂತಿದೆ. ರೂಪದರ್ಶಿ: ಹೆಸರು ದಾಖಲಾಗಿಲ್ಲ.’